ಟಿವಿಯಲ್ಲಿ ಗೆದ್ದವರ ಹೋಟೆಲಿನಲ್ಲಿ ಒಲೆಯ ಮುಂದೆ ಯಾರು?

2023ರ ಡಿಸೆಂಬರಿನಲ್ಲಿ ಮಂಗಳೂರಿನ ಮುಹಮ್ಮದ್ ಆಶಿಕ್ 'ಮಾಸ್ಟರ್‌ಶೆಫ್ ಇಂಡಿಯಾ' ಎಂಟನೇ ಆವೃತ್ತಿಯನ್ನು ಗೆದ್ದಾಗ ನಮ್ಮ ಕಡೆಯ ಮನೆಗಳಲ್ಲಿ ಸಣ್ಣ ಹಬ್ಬವೇ ಆಗಿತ್ತು. 24 ವರ್ಷದ ಯುವಕ, ಊರಲ್ಲಿ 'ಕುಲುಕ್ಕಿ ಹಬ್' ಎಂಬ ಜ್ಯೂಸ್ ಅಂಗಡಿ ಇಟ್ಟುಕೊಂಡಿದ್ದವರು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಬೇಕೆಂದು ಆಸೆಯಿತ್ತು, ಹಣದ ತಾಪತ್ರಯದಿಂದ ಆಗಲಿಲ್ಲ. ಅದಕ್ಕೂ ಹಿಂದಿನ ಆವೃತ್ತಿಗೆ ಹೋಗಿ ಆಯ್ಕೆಯಾಗದೆ ವಾಪಸ್ ಬಂದಿದ್ದರು. ಮತ್ತೆ ಹೋದರು, ಗೆದ್ದರು. ಕುಲುಕ್ಕಿ ಶರ್ಬತ್ ಕುಲುಕಿಸುತ್ತಿದ್ದ ಕೈ ವಿಕಾಸ್ ಖನ್ನಾ, ರಣವೀರ್ ಬ್ರಾರ್ ಅಂಥವರ ಎದುರು ತಟ್ಟೆ ಇಟ್ಟದ್ದನ್ನು ನಮ್ಮ ಮಕ್ಕಳು ಮೊಬೈಲಿನಲ್ಲಿ ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ.

ಆವತ್ತಿನಿಂದ ಒಂದು ಮಾತು ಹೆಚ್ಚು ಕೇಳುತ್ತಿದೆ. "ಟಿವಿಯಲ್ಲಿ ಬಂದವರ ಹೋಟೆಲಿಗೆ ಒಮ್ಮೆ ಹೋಗುವಾ." ಮುಂಬೈಗೆ ವ್ಯಾಪಾರಕ್ಕೆ ಹೋದವರು, ದುಬೈಗೆ ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಹೋದ ಉಮ್ಮಂದಿರು ಎಲ್ಲರಿಗೂ ಅದು ಈಗ ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ಉಂಟು. ಹೋಗಬಾರದು ಎಂದು ಹೇಳುವುದಕ್ಕೆ ಈ ಬರಹ ಅಲ್ಲ. ಆದರೆ ನಾಲ್ಕು ಜನ ಕೂತರೆ ಬಿಲ್ಲು ಸಾವಿರಗಳ ಲೆಕ್ಕದಲ್ಲಿ ಬರುವ ಜಾಗ ಅದು. ಆ ಹಣ ಯಾವುದಕ್ಕೆ ಹೋಗುತ್ತದೆ, ಆ ಊಟ ಯಾರ ಕೈಯದ್ದು ಎಂದು ತಿಳಿದು ಹೋದರೆ ಒಳ್ಳೆಯದಲ್ಲವೇ?

ಮೊದಲು ಸ್ಪರ್ಧೆಯ ವಿಷಯ. ಟಿವಿಯ ಅಡುಗೆ ಸ್ಪರ್ಧೆಗಳು ಎಲ್ಲವೂ ಒಂದೇ ಜಾತಿಯವಲ್ಲ. 'ಮಾಸ್ಟರ್‌ಶೆಫ್'ಗೆ ಬರುವವರು ಹೆಚ್ಚಾಗಿ ಮನೆಯಲ್ಲಿ ಅಡುಗೆ ಮಾಡಿದವರು. ನಮ್ಮ ದೇಶದ ಮೊದಲ ಆವೃತ್ತಿ ಗೆದ್ದ ಪಂಕಜ್ ಭದೌರಿಯಾ ಲಕ್ನೋದಲ್ಲಿ ಶಾಲೆಯ ಟೀಚರ್ ಆಗಿದ್ದವರು. 2018ರಲ್ಲಿ ಆಸ್ಟ್ರೇಲಿಯಾದ ಸ್ಪರ್ಧೆ ಗೆದ್ದ ಶಶಿ ಚೆಲ್ಲಯ್ಯ ಸಿಂಗಾಪುರದಲ್ಲಿ ಹುಟ್ಟಿದ ತಮಿಳರು, ಅಡಿಲೇಡ್‌ನಲ್ಲಿ ಜೈಲಿನ ಅಧಿಕಾರಿ. ಗೆದ್ದ ಮರುವರ್ಷವೇ ಅಲ್ಲಿ 'ಗಜ' ಎಂಬ ಹೋಟೆಲ್ ತೆರೆದರು. ಅಮೆರಿಕದ 'ಟಾಪ್ ಶೆಫ್' ಬೇರೆ ರೀತಿಯದ್ದು. ಅಲ್ಲಿ ಸ್ಪರ್ಧಿಸುವವರು ವರ್ಷಗಟ್ಟಲೆ ಹೋಟೆಲ್ ಅಡುಗೆಮನೆಯಲ್ಲಿ ಬೆವರು ಸುರಿಸಿದ ವೃತ್ತಿಯವರೇ. ಅದರಲ್ಲಿ 2008ರಲ್ಲಿ ಗೆದ್ದ ಸ್ಟೆಫನಿ ಇಜಾರ್ಡ್ 2010ರಲ್ಲಿ ಶಿಕಾಗೋದಲ್ಲಿ 'ಗರ್ಲ್ ಆಂಡ್ ದಿ ಗೋಟ್' ಶುರು ಮಾಡಿದರು. ಅವರಿಗೆ ಹೋಟೆಲ್ ನಡೆಸುವುದು ಟಿವಿಗಿಂತ ಮುಂಚೆಯೇ ಗೊತ್ತಿತ್ತು.

ಈ ವ್ಯತ್ಯಾಸ ಯಾಕೆ ಹೇಳಿದೆ ಎಂದರೆ, ಸ್ಪರ್ಧೆಯ ಅಡುಗೆ ಬೇರೆ, ಹೋಟೆಲಿನ ಅಡುಗೆ ಬೇರೆ. ಸ್ಪರ್ಧೆಯಲ್ಲಿ ಒಂದು ಗಂಟೆಯಲ್ಲಿ ಒಂದು ತಟ್ಟೆ, ತಿನ್ನುವವರು ಮೂರು ಜನ. ಅದೊಂದು ಸಲ ಚೆನ್ನಾಗಿ ಬಂದರೆ ಸಾಕು. ಹೋಟೆಲಿನಲ್ಲಿ ಅದೇ ಪದಾರ್ಥ ರಾತ್ರಿಗೆ ನೂರು ಸಲ ಹೊರಗೆ ಹೋಗಬೇಕು, ನೂರನೆಯದ್ದೂ ಮೊದಲನೆಯದ್ದರ ಹಾಗೆಯೇ ಇರಬೇಕು, ಮಂಗಳವಾರವೂ ಶನಿವಾರವೂ ಒಂದೇ ರುಚಿ. ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯಲ್ಲಿ ಆರು ಜನಕ್ಕೆ ಚಂದ ಬಿರಿಯಾನಿ ಮಾಡುವ ಉಮ್ಮ ಬೇರೆ, ನಿಕಾಹ್ ದಿನ ಎಂಟುನೂರು ಜನಕ್ಕೆ ದಮ್ ಹಾಕುವವರು ಬೇರೆ. ಇಬ್ಬರೂ ಕೈಯ ರುಚಿ ಇದ್ದವರೇ. ಆದರೆ ಎರಡನೆಯವರಿಗೆ ರುಚಿ ಮಾತ್ರ ಸಾಲದು. ಅಕ್ಕಿಯ ಲೆಕ್ಕ, ಕಟ್ಟಿಗೆಯ ಲೆಕ್ಕ, ಜೊತೆಗೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹತ್ತು ಹುಡುಗರು ಬೇಕು.

ಈ ಹತ್ತು ಹುಡುಗರ ವಿಷಯಕ್ಕೇ ಬರುತ್ತೇನೆ. ಅದಕ್ಕೆ ಫ್ಲಾಯ್ಡ್ ಕಾರ್ಡೋಜ್ ಅವರ ಕತೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮುಂಬೈಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಹೆಸರು ಮಾಡಿದವರು. 2011ರಲ್ಲಿ ಅಮೆರಿಕದ 'ಟಾಪ್ ಶೆಫ್ ಮಾಸ್ಟರ್ಸ್' ಸ್ಪರ್ಧೆಯ ಫೈನಲಿಗೆ ಅವರು ಮಾಡಿಟ್ಟದ್ದು ಎಂತ ಗೊತ್ತುಂಟಾ? ಉಪ್ಪಿಟ್ಟು! ಕಾಡಿನ ಅಣಬೆ, ಕೋಕಮ್, ತೆಂಗಿನ ಹಾಲು ಹಾಕಿದ ಉಪ್ಪಿಟ್ಟು. ಕೋಕಮ್ ಎಂದರೆ ನಮ್ಮ ಪುನರ್ಪುಳಿಯೇ. ಉಪ್ಪಿಟ್ಟು ಕಂಡರೆ ಮುಖ ಸಿಂಡರಿಸುವ ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಅದರಿಂದಲೇ ಗೆದ್ದರು, ಬಹುಮಾನದ ಹಣವನ್ನು ಕ್ಯಾನ್ಸರ್ ಸಂಶೋಧನೆಗೆ ಕೊಟ್ಟರು.

2015ರಲ್ಲಿ ಅವರು ಇಬ್ಬರು ಪಾಲುದಾರರ ಜೊತೆ ಮುಂಬೈಯ ಲೋವರ್ ಪರೇಲ್‌ನಲ್ಲಿ 'ದಿ ಬಾಂಬೆ ಕ್ಯಾಂಟೀನ್' ತೆರೆದರು. ಆದರೆ ಅವರ ಮನೆಯಿದ್ದದ್ದು ಅಮೆರಿಕದಲ್ಲಿ. ಮುಂಬೈಯ ಒಲೆಯ ಮುಂದೆ ದಿನವೂ ನಿಂತವರು ಥಾಮಸ್ ಜಕರಿಯಾಸ್, ಕೇರಳ ಮೂಲದ ಶೆಫ್. ಊರೂರು ತಿರುಗಿ ಅಲ್ಲಲ್ಲಿಯ ಮನೆಗಳ ಅಡುಗೆ ನೋಡಿ ಬಂದು ಮೆನು ಕಟ್ಟಿದವರು ಅವರು. ಪೋಸ್ಟರಿನಲ್ಲಿ ಹೆಸರು ಒಬ್ಬರದ್ದು, ಕೆಲಸ ಇನ್ನೊಬ್ಬರದ್ದು ಎಂದು ದೂರುವುದಕ್ಕಲ್ಲ ಇದನ್ನು ಹೇಳುತ್ತಿರುವುದು. ಮುಚ್ಚಿಟ್ಟು ಮಾಡಿದ ಕೆಲಸವೇನೂ ಅಲ್ಲ. ಜಕರಿಯಾಸ್ ಹೆಸರನ್ನೂ ಜನ ತಿಳಿದರು. 2020ರ ಮಾರ್ಚ್‌ನಲ್ಲಿ ಕೊರೊನಾ ಶುರುವಾದ ಹೊತ್ತಿನಲ್ಲೇ ಕಾರ್ಡೋಜ್ ತೀರಿಕೊಂಡರು. ಹೋಟೆಲ್ ನಿಲ್ಲಲಿಲ್ಲ. ಜಕರಿಯಾಸ್ ಕೂಡ ಮುಂದೆ ಬೇರೆ ದಾರಿ ಹಿಡಿದರು. ಆಗಲೂ ನಿಲ್ಲಲಿಲ್ಲ. ಈಗ ಚೆನ್ನೈ ಮೂಲದ ಹುಸೈನ್ ಶಹಜಾದ್ ಅದರ ಅಡುಗೆಯ ಹೊಣೆ ಹೊತ್ತಿದ್ದಾರೆ. ಗೆದ್ದವರು ಅಲ್ಲಿಲ್ಲ, ಆದರೂ ಅಲ್ಲಿ ಊಟ ಉಂಟು. ಇಂಥ ಹೋಟೆಲಿಗೆ ಕೊಟ್ಟ ಹಣ ವ್ಯರ್ಥವಾಗುವುದು ಕಡಿಮೆ.

ಆದರೆ ಅಲ್ಲೂ ನಮ್ಮವರು ಒಂದು ಕಡೆ ಎಚ್ಚರ ಇರಬೇಕು. ಬಾಂಬೆ ಕ್ಯಾಂಟೀನಿನ ಹೆಸರುವಾಸಿ ಸಿಹಿ 'ಗುಲಾಬ್ ನಟ್'. ನೋಡಲಿಕ್ಕೆ ಡೋನಟ್ ಆಕಾರದ ಗುಲಾಬ್ ಜಾಮೂನು, ಮೇಲೆ ಪಿಸ್ತಾ ಕ್ರೀಮ್. ಅದನ್ನು ಅದ್ದುವುದು ಓಲ್ಡ್ ಮಂಕ್ ರಮ್‌ನಲ್ಲಿ. ಗುಲಾಬ್ ಜಾಮೂನಿನಲ್ಲಿ ಶರಾಬು ಇರಬಹುದೆಂದು ನಮ್ಮಲ್ಲಿ ಯಾರಿಗಾದರೂ ಹೊಳೆಯುತ್ತದೆಯೇ? ಮಾಂಸದ ಬಗ್ಗೆ ವೇಟರ್ ಹತ್ತಿರ ಹತ್ತು ಸಲ ಕೇಳಿ, ಕೊನೆಗೆ ಸಿಹಿಗೆ ಬರುವಾಗ ಕಣ್ಣುಮುಚ್ಚಿ ತಿನ್ನುವವರೇ ಹೆಚ್ಚು. ಟಿವಿ ಸ್ಪರ್ಧೆಗಳಿಂದ ಬಂದ ಶೆಫ್‌ಗಳ ಮೆನುವಿನಲ್ಲಿ ಮೂಸ್, ಪಾನಾಕೋಟಾ ಅಂಥವು ಜಾಸ್ತಿ. ಅವು ಗಟ್ಟಿಯಾಗಲಿಕ್ಕೆ ಜೆಲಾಟಿನ್ ಹಾಕುವುದುಂಟು. ಅದು ಯಾವ ಪ್ರಾಣಿಯಿಂದ ಬಂದದ್ದು ಎಂದು ಕೇಳಬೇಕು. ಸಾಸ್‌ಗೆ ವೈನ್ ಹಾಕಿ ಕುದಿಸುವುದು ಆ ಅಡುಗೆಯವರಿಗೆ ನಾವು ಒಗ್ಗರಣೆ ಹಾಕಿದಷ್ಟೇ ಸಹಜ. ಕುದಿದರೆ ಹೋಗುತ್ತದಲ್ಲ ಎಂದು ಅವರು ಹೇಳಬಹುದು. ಆ ವಾದ ನಮಗೆ ಬೇಡ, ಹಾಕದೆ ಕೊಡುವುದು ಯಾವುದುಂಟು ಎಂದು ಕೇಳಿದರೆ ಮುಗಿಯಿತು.

ಕೇಳುವುದಕ್ಕೆ ನಾಚಿಕೆ ಬೇಡ. ಟೇಬಲ್ ಬುಕ್ ಮಾಡುವಾಗಲೇ ಫೋನಿನಲ್ಲಿ ಕೇಳುವುದು ಸುಲಭ. ಅಲರ್ಜಿ ಉಂಟಾ ಎಂದು ಅವರೇ ಕೇಳುತ್ತಾರೆ, ಆಗಲೇ ಹೇಳಿಬಿಡಬೇಕು. ಅಲ್ಲಿ ಹೋಗಿ ಕೂತು, ನೀರು ಕುಡಿದು, ಮಕ್ಕಳು ಹಸಿದ ಮೇಲೆ ಎದ್ದು ಬರುವುದು ಯಾರಿಗೂ ಚಂದವಲ್ಲ.

ದುಬೈಯಲ್ಲಿ ಈ ವಿಷಯ ಸ್ವಲ್ಪ ಸಲೀಸು. ಮೆನುವಿನಲ್ಲಿ ಶರಾಬು ಹಾಕಿದ ಪದಾರ್ಥಕ್ಕೆ 'ಎ', ಹಂದಿ ಮಾಂಸ ಇದ್ದರೆ 'ಪಿ' ಎಂದು ಇಂಗ್ಲಿಷ್ ಅಕ್ಷರ ಹಾಕಿರುತ್ತಾರೆ. ಸಣ್ಣ ಅಕ್ಷರ, ಕನ್ನಡಕ ಹಾಕಿ ನೋಡಿ. ಅಲ್ಲಿ ಟಿವಿಯ ಹೆಸರಿನ ಹೋಟೆಲುಗಳಿಗೆ ಬರವಿಲ್ಲ. ಗಾರ್ಡನ್ ರಾಮ್ಸೆಯವರ ಸ್ಪರ್ಧೆಯ ಹೆಸರಿನಲ್ಲೇ 'ಹೆಲ್ಸ್ ಕಿಚನ್' ಬ್ಲೂವಾಟರ್ಸ್ ದ್ವೀಪದಲ್ಲಿ 2018ರಲ್ಲಿ ಶುರುವಾಯಿತು. ದುಬೈ ಮರೀನಾದಲ್ಲಿ 2019ರಲ್ಲಿ 'ಮಾಸ್ಟರ್‌ಶೆಫ್' ಹೆಸರಿನ ಹೋಟೆಲನ್ನೇ ತೆರೆದರು, ಬೇರೆ ಬೇರೆ ದೇಶಗಳ ಸ್ಪರ್ಧಿಗಳ ಅಡುಗೆಗಳನ್ನು ಸೇರಿಸಿ ಮಾಡಿದ ಮೆನು. ಜಡ್ಜ್‌ಗಳೂ ಹಿಂದೆ ಬಿದ್ದಿಲ್ಲ. ವಿಕಾಸ್ ಖನ್ನಾ ಅವರ 'ಕಿನಾರಾ', ರಣವೀರ್ ಬ್ರಾರ್ ಅವರ 'ಕಶ್ಕನ್' ಎರಡೂ ದುಬೈಯಲ್ಲಿ ಶುರುವಾದವೇ.

ರಾಮ್ಸೆಯವರು ಅಲ್ಲಿ ನಿಂತು ಯಾರನ್ನಾದರೂ ಬೈಯುವುದನ್ನು ನೋಡಬಹುದು ಎಂದು ಹೋದರೆ ನಿರಾಸೆಯೇ. ಹತ್ತಾರು ಹೋಟೆಲುಗಳಿರುವ ಮನುಷ್ಯ ಎಲ್ಲ ಕಡೆ ಒಲೆಯ ಮುಂದೆ ಹೇಗೆ ನಿಲ್ಲುವುದು? ಇದಕ್ಕೆ ಎದುರಾಗಿ ಖನ್ನಾ ಅವರು 2024ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ 'ಬಂಗಲೋ'ದಲ್ಲಿ ತಾವೇ ಮೇಜಿನಿಂದ ಮೇಜಿಗೆ ಹೋಗಿ ಊಟಕ್ಕೆ ಬಂದವರನ್ನು ಮಾತಾಡಿಸುತ್ತಾರೆ. ಅಲ್ಲಿ ಟೇಬಲ್ ಸಿಗುವುದೇ ಕಷ್ಟ. ಆದರೆ ಮೇಜಿನ ಹತ್ತಿರ ಇರುವವರು ಅದೇ ಹೊತ್ತಿಗೆ ಒಲೆಯ ಹತ್ತಿರ ಇರಲು ಸಾಧ್ಯವಿಲ್ಲ, ಅಲ್ಲವೇ? ಒಳಗೆ ಬೇರೆ ಕೈಗಳು ಇದ್ದೇ ಇರುತ್ತವೆ.

ಆ ಕೈಗಳಲ್ಲಿ ನಮ್ಮವರದ್ದೂ ಉಂಟು. ಗಲ್ಫಿನ ಹೋಟೆಲ್ ಅಡುಗೆಮನೆಗಳಲ್ಲಿ ಕರಾವಳಿಯ ಹುಡುಗರು ಎಷ್ಟು ಮಂದಿ ಇದ್ದಾರೆಂದು ಪ್ರತಿ ಜಮಾಅತಿನಲ್ಲಿ ಕೇಳಿದರೆ ಗೊತ್ತಾಗುತ್ತದೆ. ಹಾಗಾಗಿ ದೊಡ್ಡ ಹೆಸರಿನ ಹೋಟೆಲಿನ ಬಗ್ಗೆ ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆ ಒಳಗಿರುವವರಿಗೆ ಸಂಬಳ ಸರಿಯಾಗಿ ಕೊಡುತ್ತಾರಾ ಎಂಬುದು. ಇದು ಸುಮ್ಮನೆ ಹೇಳುವ ಮಾತಲ್ಲ. ಜಾರ್ಜ್ ಕಲೊಂಬಾರಿಸ್ ಎಂಬವರು ಹನ್ನೊಂದು ಆವೃತ್ತಿಗಳ ಕಾಲ ಆಸ್ಟ್ರೇಲಿಯಾದ ಮಾಸ್ಟರ್‌ಶೆಫ್‌ನಲ್ಲಿ ಜಡ್ಜ್ ಆಗಿದ್ದವರು. ಮೆಲ್ಬರ್ನ್‌ನಲ್ಲಿ ಅವರದ್ದು ಸಾಲು ಹೋಟೆಲುಗಳಿದ್ದವು. 2019ರಲ್ಲಿ ಅಲ್ಲಿಯ ಸರಕಾರಿ ಕಾರ್ಮಿಕ ಸಂಸ್ಥೆಯ ತನಿಖೆಯಲ್ಲಿ ಹೊರಬಂದದ್ದು, ಅವರ ಕಂಪನಿ 515 ಕೆಲಸಗಾರರಿಗೆ ಸುಮಾರು 78 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕಡಿಮೆ ಸಂಬಳ ಕೊಟ್ಟಿತ್ತು ಎಂದು. ಬಾಕಿಯನ್ನು ಕೊಡಿಸಿದರು, ಅದರ ಮೇಲೆ ಎರಡು ಲಕ್ಷ ಡಾಲರ್ ಬೇರೆ ಕಟ್ಟಿಸಿದರು. 2020ರ ಫೆಬ್ರವರಿಯಲ್ಲಿ ಕಂಪನಿ ಮುಳುಗಿ ಹೋಟೆಲುಗಳು ಮುಚ್ಚಿದವು. ಟಿವಿಯಲ್ಲಿ ಇನ್ನೊಬ್ಬರ ತಟ್ಟೆಯಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಹೇಳುತ್ತಿದ್ದವರ ಅಡುಗೆಮನೆಯಲ್ಲಿ ಲೆಕ್ಕವೇ ಕಡಿಮೆ ಬಿದ್ದಿತ್ತು.

ಈ ಸ್ಪರ್ಧೆಗಳಿಂದ ಒಳ್ಳೆಯದೇ ಆಗಿಲ್ಲವೆಂದು ಹೇಳಲಾರೆ. ಹತ್ತು ಹದಿನೈದು ವರ್ಷಗಳ ಹಿಂದೆ ಹುಡುಗ "ಹೋಟೆಲಿನಲ್ಲಿ ಕುಕ್" ಎಂದರೆ ಹುಡುಗಿಯ ಮನೆಯವರು ಇನ್ನೊಂದು ಲೋಟ ಚಾ ಕುಡಿದು ಎದ್ದು ಹೋಗುತ್ತಿದ್ದರು. ಈಗ ಅದೇ ಕೆಲಸಕ್ಕೆ "ಶೆಫ್, ದುಬೈ" ಎಂದರೆ ಮಾತು ಮುಂದುವರಿಯುತ್ತದೆ. ಮನೆಯಲ್ಲಿ ನೈಚೋರು, ಪತ್ತಿರಿ, ಪಿಂಡಿ ಮಾಡಿ ಆರ್ಡರ್ ಮೇಲೆ ಕೊಡುವ ನಮ್ಮ ಹೆಂಗಸರಿಗೂ ಧೈರ್ಯ ಬಂದಿದೆ. ಆಶಿಕ್ ಗೆದ್ದ ಆವೃತ್ತಿಯಲ್ಲೇ ಕಾಶ್ಮೀರದ ಡಾ. ರುಖ್ಸಾರ್ ಸಯೀದ್ ಕೊನೆಯ ಹಂತದವರೆಗೆ ಬಂದದ್ದನ್ನು ಅವರೆಲ್ಲ ನೋಡಿದ್ದಾರೆ.

ಮದ್ರಸದಲ್ಲಿ ಮಕ್ಕಳನ್ನು ಕೇಳಿದರೆ ಈಗ "ಶೆಫ್ ಆಗ್ತೇನೆ ಉಸ್ತಾದ್" ಎನ್ನುವವರು ಇಬ್ಬರು ಮೂವರು ಸಿಗುತ್ತಾರೆ. ಆಗಲಿ. ಆದರೆ ಅವರು ನೋಡಿದ್ದು ಟಿವಿಯ ಒಂದು ಗಂಟೆ ಮಾತ್ರ. ದೊಡ್ಡ ಹೋಟೆಲಿನ ಅಡುಗೆಮನೆಗೆ ಹೊಸದಾಗಿ ಸೇರಿದವನಿಗೆ ಹೋಟೆಲಿನವರ ಭಾಷೆಯಲ್ಲಿ 'ಕಮ್ಮಿ' ಎಂದು ಹೆಸರು, ಫ್ರೆಂಚ್ ಶಬ್ದವಂತೆ. ಹೆಸರಿನ ಹಾಗೆ ಸಂಬಳವೂ ಕಮ್ಮಿ. ನೀರುಳ್ಳಿ ಸುಲಿಯುವುದು, ಕೋಳಿ ತುಂಡು ಮಾಡುವುದು, ಫ್ರಿಜ್ ಒರೆಸುವುದು, ಹತ್ತು ಹನ್ನೆರಡು ಗಂಟೆ ನಿಂತೇ ಇರುವುದು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ಒಂದು ಒಲೆಯ ಯಜಮಾನಿಕೆ ಸಿಗಲಿಕ್ಕೆ ವರ್ಷಗಳು ಬೇಕು. ಮಗನನ್ನು ಹೋಟೆಲ್ ಮ್ಯಾನೇಜ್‌ಮೆಂಟಿಗೆ ಸೇರಿಸಲು ಚಿನ್ನ ಅಡವಿಡುವ ಮುಂಚೆ, ರಜೆಯಲ್ಲಿ ಎರಡು ತಿಂಗಳು ಊರಿನ ಯಾವುದಾದರೂ ಹೋಟೆಲಿನ ಒಳಗೆ, ಕ್ಯಾಶ್ ಕೌಂಟರಿನಲ್ಲಿ ಅಲ್ಲ, ಅಡುಗೆಮನೆಯಲ್ಲಿ ನಿಲ್ಲಿಸಿ ನೋಡಿ. ಮೂರನೇ ವಾರವೂ ಬೆಳಿಗ್ಗೆ ತಾನಾಗಿ ಎದ್ದು ಹೋದರೆ ಫೀಸು ಕಟ್ಟಬಹುದು.