ಅಂಗಳದ ಮಳೆಮಾಪಕ, ಇಡೀ ಶಾಲೆಗೊಂದು ಪ್ರಶ್ನೆ

ಪ್ರಾಜೆಕ್ಟ್ ಎಂದರೆ ನಮ್ಮ ಎಷ್ಟೋ ಶಾಲೆಗಳಲ್ಲಿ ಥರ್ಮೋಕೋಲಿನ ಜ್ವಾಲಾಮುಖಿ. ಹಿಂದಿನ ರಾತ್ರಿ ಅಪ್ಪ ಅಮ್ಮ ಕೂತು ಅಂಟಿಸಿದ್ದು. ಅದರಲ್ಲಿ ಮಗು ಹುಡುಕುವಂಥದ್ದು ಏನೂ ಉಳಿದಿರುವುದಿಲ್ಲ. ಒಂದನೇ ತರಗತಿಯಿಂದ ಹತ್ತರವರೆಗೆ ಎಲ್ಲರೂ ಕೈಹಾಕಬಹುದಾದ, ಮೇಷ್ಟ್ರಿಗೂ ಉತ್ತರ ಗೊತ್ತಿರದ ಪ್ರಶ್ನೆ ಬೇಕು. ದಾಂಡೇಲಿ ಪಕ್ಕದ ಕೋಗಿಲಬನದಂಥ ಊರಲ್ಲಿ ಅದು ತಲೆಯ ಮೇಲೇ ಸುರಿಯುತ್ತದೆ: ನಮ್ಮ ಶಾಲೆಯ ಅಂಗಳಕ್ಕೆ ಈ ಸಲ ಎಷ್ಟು ಮಳೆ ಬಿತ್ತು? ಶಾಲೆ ತೆರೆಯುವುದೂ ಮುಂಗಾರು ಹಿಡಿಯುವುದೂ ಹೆಚ್ಚುಕಮ್ಮಿ ಒಟ್ಟಿಗೇ. ಘಟ್ಟದ ಜೋಯಿಡಾದಲ್ಲಿ ಜಡಿಮಳೆ, ಹಳಿಯಾಳ ಮುಂಡಗೋಡಿನ ಕಡೆ ಬರುತ್ತ ಬರುತ್ತ ಕಡಿಮೆ. ಒಂದು ಶಾಲೆಯ ಲೆಕ್ಕವನ್ನು ಇನ್ನೊಂದು ಶಾಲೆ ನಕಲು ಮಾಡಲು ಬರುವುದಿಲ್ಲ.

ಮಾಪಕಕ್ಕೆ ದುಡ್ಡು ಬೇಕಿಲ್ಲ. ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಒಳಗಿಡಿ. ತಳ ಉಬ್ಬುತಗ್ಗಾಗಿರುವುದರಿಂದ ಸಮತಟ್ಟಾಗುವಷ್ಟು ಸಿಮೆಂಟ್ ಹಾಕಿ ಒಣಗಿಸಿ, ಅದರ ಮೇಲ್ಮೈಯಿಂದ ಸೊನ್ನೆ ಶುರುಮಾಡಿ ಸ್ಕೇಲ್ ಅಂಟಿಸಿ. ಬಾಯಿ, ಒಡಲು ಎರಡೂ ಒಂದೇ ಅಗಲವಿದ್ದರೆ ನೀರಿನ ಎತ್ತರವೇ ಮಳೆಯ ಮಿಲಿಮೀಟರ್. ಅಗಲ ಬೇರೆಯಿದ್ದರೆ ನೀರನ್ನು ಅಳತೆ ಪಾತ್ರೆಗೆ ಸುರಿದು, ಮಿಲಿಲೀಟರನ್ನು ಬಾಯಿಯ ಚದರ ಸೆಂಟಿಮೀಟರಿನಿಂದ ಭಾಗಿಸಿ 10ರಿಂದ ಗುಣಿಸಿ. 10 ಸೆಂ.ಮೀ. ವ್ಯಾಸದ ಬಾಯಿಯ ವಿಸ್ತೀರ್ಣ 78.5, 157 ಮಿ.ಲೀ. ಸಿಕ್ಕರೆ ಮಳೆ 20 ಮಿ.ಮೀ.

ಒಂದೇ ಮಾಪಕ ಇಟ್ಟು ಸುಮ್ಮನಾಗಬೇಡಿ, ಮೂರು ನಾಲ್ಕು ಇಡಿಸಿ. ನಿಜವಾದ ಪಾಠ ಶುರುವಾಗುವುದೇ ಅವುಗಳ ಲೆಕ್ಕ ತಾಳೆಯಾಗದಿದ್ದಾಗ. ಐದನೆಯವರದು 22, ಏಳನೆಯವರದು 15 ಎಂದಾಗ ಜಗಳ ಹತ್ತುತ್ತದೆ. ಸರಿ ಯಾವುದೆಂದು ಟೀಚರ್ ಅಲ್ಲೇ ಹೇಳಿಬಿಟ್ಟರೆ ಆಟ ಮುಗಿಯಿತು. ಹೋಗಿ ನೋಡಿ ಬನ್ನಿ ಎಂದು ಕಳಿಸಬೇಕು. ಒಂದು ಹಲಸಿನ ಮರದ ಕೆಳಗಿದ್ದೀತು, ಇನ್ನೊಂದಕ್ಕೆ ಸೂರಿನ ನೀರು ಸಿಡಿದೀತು, ಮತ್ತೊಂದು ವಾಲಿದ್ದೀತು. ಮರವಾಗಲಿ ಗೋಡೆಯಾಗಲಿ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರದಲ್ಲಿ ಮಾಪಕ ಇರಬೇಕೆಂಬ ನಿಯಮ ಮಕ್ಕಳಿಗೆ ಆಗ ತಾನಾಗಿ ಅರ್ಥವಾಗುತ್ತದೆ.

ಹವಾಮಾನ ಇಲಾಖೆ ದಿನದ ಮಳೆ ಓದುವುದು ಬೆಳಿಗ್ಗೆ 8.30ಕ್ಕೆ. ಶಾಲೆಯ ಹತ್ತಿರ ಮನೆಯಿರುವ ಮಗುವಿಗೆ ಆ ಸರದಿ ಕೊಡಬಹುದು. ಆಗದಿದ್ದರೆ ಪ್ರಾರ್ಥನೆಯ ಹೊತ್ತೇ ಆಗಲಿ, ದಿನವೂ ಅದೇ ಹೊತ್ತಿರಲಿ. ಭಾನುವಾರ ಓದದಿದ್ದರೆ ಸೋಮವಾರದ್ದನ್ನು ‘ಎರಡು ದಿನದ್ದು’ ಎಂದೇ ಬರೆಯಬೇಕು. ಜೋರು ಮಳೆಗೆ ರಜೆ ಘೋಷಣೆಯಾಗಿ ಬಾಟಲಿ ತುಂಬಿ ಹರಿದರೆ ‘ತುಂಬಿ ಹರಿದಿದೆ’ ಎಂದು ಬರೆದರೆ ಸಾಕು. ಅಂದಾಜಿಗೆ ಒಂದು ಅಂಕಿ ತುಂಬಿಸುವ ಚಾಳಿ ನಮ್ಮಲ್ಲಿದೆ, ಅದನ್ನು ಮೊದಲ ವಾರದಲ್ಲೇ ಬಿಡಿಸಬೇಕು.

ಕೆಲಸ ಹಂಚುವುದು ಸುಲಭ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯಿಂದಾಗಿ ಬೇರೆ ಬೇರೆ ತರಗತಿಯ ಚಿಕ್ಕವರನ್ನು ಒಟ್ಟಿಗೆ ಕೂರಿಸುವುದು ನಮ್ಮ ಸರ್ಕಾರಿ ಶಾಲೆಗಳಿಗೆ ರೂಢಿಯೇ. ಅವರು ದಿನಕ್ಕೊಂದು ಮೋಡ, ಛತ್ರಿ, ಸೂರ್ಯ ಬಿಡಿಸಲಿ. ನಾಲ್ಕು ಐದನೆಯವರು ಸ್ತಂಭ ನಕ್ಷೆ. ಆರು ಏಳನೆಯವರಿಗೆ ಶಾಲೆಯ ಮಾಡಿನ ಲೆಕ್ಕ: ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು, ಹಾಗಾದರೆ 100 ಚದರ ಮೀಟರಿನ ಮಾಡಿನ ಮೇಲೆ 20 ಮಿ.ಮೀ. ಬಿದ್ದರೆ 2,000 ಲೀಟರ್. ಬೇಸಿಗೆಯಲ್ಲಿ ಬಿಸಿಯೂಟದ ಪಾತ್ರೆ ತೊಳೆಯಲು ನೀರಿಲ್ಲದ ಶಾಲೆಯಲ್ಲಿ ಈ ಲೆಕ್ಕ ಬಿಡಿಸುವ ಹುಮ್ಮಸ್ಸೇ ಬೇರೆ. ಹೈಸ್ಕೂಲಿನವರು ತಮ್ಮ ಅಂಕಿಗಳನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹಾಕಿರುವ ಸ್ವಯಂಚಾಲಿತ ಮಳೆಮಾಪಕದ ಅಂಕಿಗಳ ಜೊತೆ ಹೋಲಿಸಲಿ.

ಮನೆಯವರನ್ನು ಸೇರಿಸಿಕೊಳ್ಳಲು ಮಳೆ ನಕ್ಷತ್ರಗಳಿವೆ. ಕೊಂಕಣಿ, ಮರಾಠಿ, ಉರ್ದು ಮಾತಾಡುವ ಮನೆಗಳಲ್ಲೂ ಮಳೆಯ ಬಗ್ಗೆ ಮಾತು ಇದ್ದೇ ಇರುತ್ತದೆ, ಅದನ್ನೂ ಬರೆಸಿ. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎಂದು ಅಜ್ಜಿ ಹೇಳಿದರೆ, ಜೂನ್ 21-22ರ ಸುಮಾರಿಗೆ ಹುಟ್ಟುವ ಆರಿದ್ರೆಯ ಹದಿಮೂರು ಹದಿನಾಲ್ಕು ದಿನಗಳಲ್ಲಿ ಎಷ್ಟು ದಿನ ಮಾಪಕ ಒಣಗಿತ್ತೆಂದು ಎಣಿಸಿದರಾಯಿತು. ಒಂದು ವರ್ಷದ ಲೆಕ್ಕದಿಂದ ಅಜ್ಜಿಯ ಮಾತು ಸುಳ್ಳಾಗುವುದಿಲ್ಲ, ನಿಜವೂ ಆಗುವುದಿಲ್ಲ. ಮುಂದಿನ ವರ್ಷದ ಮಕ್ಕಳಿಗೆ ಮಳೆ ಬರೆದಿಟ್ಟ ಪುಸ್ತಕವನ್ನು ಜೋಪಾನವಾಗಿ ದಾಟಿಸಬೇಕಾದದ್ದು ಇದಕ್ಕೇ.

ಈ ಕೆಲಸವನ್ನು ಶಾಲೆಯ ಆಚೆಗೂ ಒಯ್ಯಬಹುದು: ಹತ್ತರಿಂದ ಹದಿನೇಳು ವರ್ಷದವರಿಗಾಗಿ 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ನಡೆಯುತ್ತಿದೆ. ರಾಜ್ಯದಲ್ಲಿ ಅದನ್ನು ನಡೆಸಿಕೊಂಡು ಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ವರದಿ ಕನ್ನಡದಲ್ಲೇ ಬರೆಯಬಹುದು. ಅಲ್ಲಿಗೆ ಹೋಗುವ ತಂಡ ಚಾರ್ಟಿನ ಜೊತೆ ದಿನದಿನದ ದಾಖಲೆ ಪುಸ್ತಕವನ್ನೂ ಒಯ್ಯಬೇಕು, ಹೊಡೆದುಹಾಕಿದ ಅಂಕಿಗಳ ಸಮೇತ.