ಮೈಂದರ್ಗಿಯ ಕರಿಕಲ್ಲಿಗೆ ವಯಸ್ಸು ಹೇಳಿದ ಕಡಲ ಚಿಪ್ಪು

ಮೈಂದರ್ಗಿ: ಹೊಲದಾಗ ಬೋರ್ ಹೊಡೆಸುವ ದಿನ ಮನೆಮಂದಿಯೆಲ್ಲ ಗಾಡಿ ಸುತ್ತ ನಿಂತಿರುತ್ತಾರೆ. ಮೊದಲು ಎರೆಮಣ್ಣು, ಆಮೇಲೆ ಗರಸು, ಬಳಿಕ ಕರಿಕಲ್ಲಿನ ಪುಡಿ. ನಡುವೆ ಕೆಂಪು ಮಣ್ಣು ಹಾರಿದರೆ ‘ಪದರ ಬದಲಾತು ನೋಡ್ರಿ’ ಎನ್ನುತ್ತಾರೆ ಹಿರಿಯರು. ನೀರು ಬಿದ್ದರೆ ಸಂತೋಷ, ಬೀಳದಿದ್ದರೆ ಸಾಲ. ಮೇಲೆ ಬಿದ್ದ ಪುಡಿಯ ಗುಡ್ಡೆಯನ್ನು ಮಾತ್ರ ಯಾರೂ ಮತ್ತೆ ತಿರುಗಿ ನೋಡುವುದಿಲ್ಲ.

ಆದರೆ ಅಂಥ ಪುಡಿಯನ್ನೇ ತೊಳೆದು, ಸೋಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ನೆಲದಾಳದ ವಯಸ್ಸು ಹೇಳುವ ವಿಜ್ಞಾನವೊಂದಿದೆ. ಅಕ್ಕಲಕೋಟ ತಾಲ್ಲೂಕಿನ ಕರಿಕಲ್ಲಿನ ಕಥೆಗೂ ಅದು ಸಾಕ್ಷಿ ಒದಗಿಸಿದೆ. ಸಾಕ್ಷಿ ಸಿಕ್ಕ ಜಾಗ ಮಾತ್ರ ಇಲ್ಲಿಂದ 500 ಕಿ.ಮೀ.ಗೂ ದೂರ: ಆಂಧ್ರದ ಗೋದಾವರಿ ಬಯಲು.

ಕಡಲಿನವರೆಗೆ ಹರಿದ ಲಾವಾ

ಸೊಲ್ಲಾಪುರ ಸೀಮೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಹರಿದ ಲಾವಾ. ಒಂದರ ಮೇಲೊಂದು ಹರಿದು ಗಟ್ಟಿಯಾದ ಇದನ್ನು ‘ದಖನ್ ಟ್ರ್ಯಾಪ್’ ಎನ್ನುತ್ತಾರೆ. ಈಗಲೂ ಇದು ಸುಮಾರು 5 ಲಕ್ಷ ಚದರ ಕಿ.ಮೀ. ನೆಲ ಮುಚ್ಚಿದೆ. ಪಶ್ಚಿಮ ಘಟ್ಟದ ಕಡೆಯಿಂದ ಹೊರಟ ಕೆಲವು ಪ್ರವಾಹಗಳು ಸಾವಿರ ಕಿ.ಮೀ. ಸಾಗಿ ರಾಜಮಹೇಂದ್ರಿ ಬಳಿ ಕಡಲು ಮುಟ್ಟಿದವು ಎಂಬುದು ವಿಜ್ಞಾನಿಗಳ ಲೆಕ್ಕ.

ಕುದಿಯುವ ಲಾವಾದಲ್ಲಿ ಜೀವಿಗಳ ಗುರುತು ಉಳಿಯುವುದಿಲ್ಲ. ರಾಜಮಹೇಂದ್ರಿಯಲ್ಲಿ ಹಾಗಾಗಲಿಲ್ಲ. ಕೆಳಗಿನ ಲಾವಾ ಆರಿ, ಮೇಲಿನದು ಬರುವ ಮೊದಲು ನಡುವೆ ಕಡಲ ಕೆಸರು ಕೂತಿತು.

ಚಿಪ್ಪೇ ಗಡಿಯಾರ

ಆ ಕೆಸರಿನಲ್ಲಿದ್ದವು ‘ಫೊರಾಮಿನಿಫೆರಾ’ ಎಂಬ ಏಕಕೋಶ ಜೀವಿಗಳ ಸುಣ್ಣದ ಚಿಪ್ಪುಗಳು. ಹೆಚ್ಚಿನವು ಸಾಸಿವೆ ಕಾಳಿಗಿಂತ ಸಣ್ಣವು. ಕಡಲಿನಲ್ಲಿ ತೇಲುವ ಇವುಗಳ ಜಾತಿಗಳು ಕಾಲಕಾಲಕ್ಕೆ ಹುಟ್ಟಿ ಅಳಿಯುತ್ತವೆ. ಹೀಗಾಗಿ ಯಾವ ಜಾತಿ ಸಿಕ್ಕಿತು ಎಂಬುದರ ಮೇಲೆ ಪದರದ ಕಾಲ ತಿಳಿಯುತ್ತದೆ. ಎರಡು ಬಾವಿಗಳಲ್ಲಿ ಬೇರೆ ಬೇರೆ ಆಳದಲ್ಲಿ ಒಂದೇ ಜಾತಿಗಳ ಗುಂಪು ಸಿಕ್ಕರೆ ಆ ಪದರಗಳು ಒಂದೇ ಕಾಲದವು. ತೈಲ ಕಂಪನಿಗಳು ಕರಾವಳಿ ಬಯಲಿನಡಿ ಪದರಕ್ಕೆ ಪದರ ಹೊಂದಿಸುವುದು ಹೀಗೆಯೇ.

ಕೊರೆಯುವಾಗ ಮೇಲಿನ ಪುಡಿ ಜಾರಿ ಕೆಳಗಿನದರಲ್ಲಿ ಬೆರೆಯುವುದುಂಟು. ಅದಕ್ಕೇ ಮೇಲಿನಿಂದ ಇಳಿಯುತ್ತ ಒಂದು ಜಾತಿ ಮೊದಲು ಎಲ್ಲಿ ಕಂಡಿತೋ ಆ ಆಳವನ್ನೇ ನಂಬುತ್ತಾರೆ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆರ್ಟಾ ಕೆಲರ್ ಮತ್ತು ಸಂಗಡಿಗರು 2008ರಲ್ಲಿ ರಾಜಮಹೇಂದ್ರಿಯ ಕಲ್ಲುಕ್ವಾರಿಗಳ ವರದಿ ಪ್ರಕಟಿಸಿದರು. ಲಾವಾ ನಡುವಿನ ಕೆಸರಲ್ಲಿದ್ದವು ಡೈನೋಸಾರ್‌ಗಳು ಅಳಿದ ಬೆನ್ನಿಗೇ ಹೊಸದಾಗಿ ಹುಟ್ಟಿದ ಜಾತಿಗಳು. ಅಂದರೆ ಕೆಳಗಿನ ಲಾವಾ ಆ ಮಹಾವಿನಾಶದ ಆಸುಪಾಸಿನದು, ಮೇಲಿನದು ಅದರ ನಂತರದ್ದು. ಮುಂದೆ ಕೃಷ್ಣಾ–ಗೋದಾವರಿ ಬಯಲಿನಲ್ಲಿ ಓಎನ್‌ಜಿಸಿ ಕೊರೆದ ಆಳ ಬಾವಿಗಳ ಮಾದರಿಗಳನ್ನೂ ಅವರು ಪರೀಕ್ಷಿಸಿದರು. ವಿನಾಶಕ್ಕೆ ಲಾವಾ ಕಾರಣವೋ, ಮೆಕ್ಸಿಕೋದಲ್ಲಿ ಬಿದ್ದ ಆಕಾಶದ ಬಂಡೆ ಕಾರಣವೋ ಎಂಬ ವಾದ ಇನ್ನೂ ಮುಗಿದಿಲ್ಲ.

ಗಡಿಯಾಚೆ ನಮ್ಮ ಕಡೆಯೂ ಇಂಥ ಗುರುತುಗಳಿವೆ. ಇಂದಿನ ಯಾದಗಿರಿ ಜಿಲ್ಲೆಯ ಗುರುಮಠಕಲ್ ಭಾಗದಲ್ಲಿ ಲಾವಾ ನಡುವಿನ ಮಣ್ಣಿನಲ್ಲಿ ‘ಆಸ್ಟ್ರಕಾಡ್’ ಎಂಬ ಸಣ್ಣ ಚಿಪ್ಪುಜೀವಿಗಳು ಸಿಕ್ಕಿವೆ. ಅವು ಸಿಹಿನೀರಿನವು. ಲಾವಾ ನಿಂತ ಬಿಡುವಿನಲ್ಲಿ ಅಲ್ಲಿ ಕೆರೆಗಳಿದ್ದವು ಎಂಬುದಕ್ಕೆ ಅವೇ ಪುರಾವೆ. ಆದರೆ ಕಡಲ ಚಿಪ್ಪಿನಷ್ಟು ನಿಖರವಾಗಿ ಅವು ಕಾಲ ಹೇಳಲಾರವು.

ರೈತರಿಗೇನು ಲಾಭ?

ಮೈಂದರ್ಗಿಯ ಬೋರಿನಲ್ಲಿ ಕಡಲ ಚಿಪ್ಪು ಸಿಗುವುದಿಲ್ಲ. ಆದರೆ ಪದರ ಹೊಂದಿಸುವ ಉಪಾಯ ಇಲ್ಲಿಗೂ ಹೊಂದುತ್ತದೆ. ಪ್ರತಿ ಲಾವಾ ಪದರದ ಮೇಲ್ಭಾಗ ಸಾಮಾನ್ಯವಾಗಿ ತೂತುತೂತಾಗಿ ಸಡಿಲವಿರುತ್ತದೆ, ನಡುಭಾಗ ಗಟ್ಟಿ. ನೀರು ನಿಲ್ಲುವುದು ಸಡಿಲ ಭಾಗದಲ್ಲಿ, ಬಿರುಕಿನಲ್ಲಿ. ಎಷ್ಟು ಅಡಿಗೆ ಯಾವ ಬಣ್ಣದ ಪುಡಿ ಬಂತು, ಕೆಂಪು ಮಣ್ಣು ಎಲ್ಲಿ ಸಿಕ್ಕಿತು, ನೀರಿನ ಪಸೆ ಎಲ್ಲಿ ಕಂಡಿತು ಎಂದು ವಹಿಯಲ್ಲಿ ಬರೆದಿಟ್ಟರೆ, ನಾಲ್ಕು ಹೊಲಗಳ ವಹಿ ಕೂಡಿಸಿದಾಗ ಪದರ ಯಾವ ಕಡೆ ಇಳಿಯುತ್ತದೆಂಬ ಅಂದಾಜು ಸಿಗುತ್ತದೆ. ನೀರು ಬಿದ್ದೇ ಬೀಳುತ್ತದೆಂಬ ಖಾತ್ರಿಯಲ್ಲ. ಕುರುಡಾಗಿ ಕೊರೆಸುವುದಕ್ಕಿಂತ ವಾಸಿ.

ಗಡಿಯಾಚೆ ಅಫಜಲಪುರದಲ್ಲೂ, ಅತ್ತ ಆಳಂದದಲ್ಲೂ ಇದೇ ಕರಿಕಲ್ಲು. ಮುಂದಿನ ಸಲ ಬೀಗರ ಹೊಲದಾಗ ಬೋರ್ ಗಾಡಿ ನಿಂತಾಗ ಪುಡಿಯ ಗುಡ್ಡೆಯಿಂದ ಒಂದೊಂದು ಹಿಡಿ ಚೀಟಿ ಅಂಟಿಸಿ ಎತ್ತಿಟ್ಟರೆ ಖರ್ಚೇನೂ ಇಲ್ಲ.