‘ಹೂಂ’ ಎಂದರೆ ತಿಳಿದಂತೆಯೆ?

ಮಲಪ್ರಭೆಯ ದಂಡೆಯ ಮೇಲಿನ ಮನೋಳಿಯಿಂದ ವೃದ್ಧೆಯೊಬ್ಬಳು ಕ್ಯಾನ್ಸರ್ ಚಿಕಿತ್ಸೆಗೆಂದು ದೊಡ್ಡ ಊರಿನ ಆಸ್ಪತ್ರೆಗೆ ಬಂದಿರುವಳೆಂದು ಭಾವಿಸೋಣ. ಕಿಮೋಥೆರಪಿಯ ಔಷಧಿ ಹನಿಹನಿಯಾಗಿ ಇಳಿದು ಮುಗಿದಿದೆ. ಮಗ ಚೀಲ ಹಿಡಿದುಕೊಂಡು ಬಸ್ಸಿನ ವೇಳೆಯನ್ನು ಎಣಿಸುತ್ತಿದ್ದಾನೆ. ದಾದಿ ಗುಳಿಗೆ, ಪಥ್ಯ, ಎಚ್ಚರಿಕೆಗಳನ್ನೆಲ್ಲ ಹೇಳಿ, “ತಿಳೀತಲ್ರಿ ಅವ್ವಾರ?” ಎಂದು ಕೇಳುತ್ತಾಳೆ. “ಹೂಂನ್ರಿ ಸಿಸ್ಟರ್, ತಿಳೀತ್ರಿ” ಎಂದು ವೃದ್ಧೆ ತಲೆಯಾಡಿಸುತ್ತಾಳೆ.

ಈ ‘ಹೂಂ’ ವಿನಯದ ಮಾತು, ತಿಳಿವಳಿಕೆಗೆ ಸಾಕ್ಷಿಯಲ್ಲ. ಇವೆರಡರ ನಡುವಿನ ಅಂತರ ಕೆಲವೊಮ್ಮೆ ಪ್ರಾಣಾಂತಿಕವಾಗುತ್ತದೆ. ಕಿಮೋಥೆರಪಿಯ ಬಳಿಕ, ಸಾಮಾನ್ಯವಾಗಿ ಒಂದೆರಡು ವಾರಗಳೊಳಗೆ, ಸೋಂಕನ್ನು ಎದುರಿಸುವ ಬಿಳಿಯ ರಕ್ತಕಣಗಳು ಕುಗ್ಗುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ಅದು ಸಾಮಾನ್ಯ ಜ್ವರವಲ್ಲ. ತಡಮಾಡದೆ ಆಸ್ಪತ್ರೆಯನ್ನು ಸೇರಬೇಕು. ಮನೆಯಲ್ಲಿದ್ದ ಗುಳಿಗೆಯೊಂದನ್ನು ನುಂಗಿ, ಬೆಳಗಾಗಲೆಂದು ಕಾಯುವುದು ಅಪಾಯಕರ.

ಚಿಕಿತ್ಸೆಯೇನೋ ಹತ್ತಿರ ಬರುತ್ತಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆಯುಂಟು. 2025ರ ಜನವರಿ 3ರಂದು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದರು. ಆದರೆ ಜ್ವರ ಬರುವ ರಾತ್ರಿ ರೋಗಿ ಇರುವುದು ತನ್ನ ಮನೆಯಲ್ಲಿ. ಅಲ್ಲಿ ನಿರ್ಧಾರ ಅವಳದು, ಅವಳ ಮನೆಯವರದು.

ಹಾಗಾದರೆ ರೋಗಿ ತನ್ನ ಆರೈಕೆಯಲ್ಲಿ ಎಷ್ಟರಮಟ್ಟಿಗೆ ಪಾಲುಗೊಂಡಿದ್ದಾಳೆ ಎಂಬುದನ್ನು ಅಳೆಯಬಹುದೆ? ಅಮೆರಿಕದ ಜುಡಿತ್ ಹಿಬ್ಬಾರ್ಡ್ ಮತ್ತು ಸಂಗಡಿಗರು 2004ರಲ್ಲಿ ಇದಕ್ಕೆ 22 ಹೇಳಿಕೆಗಳ ಅಳತೆಗೋಲೊಂದನ್ನು ರಚಿಸಿದರು. ಮರುವರ್ಷ ಅದನ್ನು 13ಕ್ಕೆ ಇಳಿಸಿದರು. ಸೊನ್ನೆಯಿಂದ ನೂರರವರೆಗೆ ಅಂಕ, ನಾಲ್ಕು ಮೆಟ್ಟಿಲು. ‘ಎಲ್ಲವೂ ವೈದ್ಯರ ಕೈಯಲ್ಲಿದೆ’ ಎನ್ನುವವರು ಕೆಳಗಿನ ಮೆಟ್ಟಿಲಲ್ಲಿ; ಕಷ್ಟಕಾಲದಲ್ಲಿಯೂ ತಮ್ಮ ಆರೈಕೆಯನ್ನು ನಿಭಾಯಿಸಬಲ್ಲವರು ಮೇಲಿನದರಲ್ಲಿ.

ಕೋಲು ಮತ್ತೊಂದು ಕಡೆಗೂ ತಿರುಗಿತು. ಚಿಕಿತ್ಸೆ ನೀಡುವವರ ನಂಬಿಕೆಯನ್ನೇ ಅಳೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ರೋಗಿ ಹೇಳಿದಂತೆ ಕೇಳಬೇಕೆಂಬುದಕ್ಕೆ ಅವರಲ್ಲಿ ಹೆಚ್ಚಿನ ಸಮ್ಮತಿ. ರೋಗಿ ತಾನೇ ವಿಚಾರಿಸಿ ನಿರ್ಧರಿಸಬೇಕೆಂಬುದಕ್ಕೆ ಅಷ್ಟಿಲ್ಲ! ವಿಧೇಯತೆಯನ್ನು ಬಯಸುವವರಿಗೆ ‘ಹೂಂ’ ಸಾಕಾಗುವುದು ಸಹಜವೇ.

ರೋಗಿಯ ಬಾಯಿ ತೆರೆಸುವುದರಿಂದ ಏನು ಲಾಭ? ನ್ಯೂಯಾರ್ಕಿನ ಕ್ಯಾನ್ಸರ್ ಕೇಂದ್ರವೊಂದರಲ್ಲಿ 766 ರೋಗಿಗಳ ಮೇಲೆ ನಡೆದ ಪ್ರಯೋಗವೊಂದು ಉತ್ತರಿಸುತ್ತದೆ. ಒಂದು ಗುಂಪಿನವರು ತಮ್ಮ ನೋವು, ವಾಂತಿ, ಆಯಾಸಗಳನ್ನು ಗಣಕಯಂತ್ರದ ಮೂಲಕ ತಾವೇ ತಿಳಿಸುತ್ತಿದ್ದರು. ಬಾಧೆ ಉಲ್ಬಣಿಸಿದರೆ ಕೂಡಲೇ ದಾದಿಯರಿಗೆ ಸೂಚನೆ ಹೋಗುತ್ತಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಗುಂಪಿನ ಮಧ್ಯಮ ಬದುಕು 31.2 ತಿಂಗಳು, ಎಂದಿನ ಆರೈಕೆ ಪಡೆದವರದು 26 ತಿಂಗಳು. ಹೇಳುವ ರೋಗಿ, ಕೇಳುವ ದಾದಿ – ಇಬ್ಬರೂ ಕೂಡಿದಾಗ ಐದು ತಿಂಗಳ ಆಯುಷ್ಯ!

ದಾದಿಯನ್ನು ದೂರುವಂತಿಲ್ಲ, ಅವಳ ಮುಂದೆ ರೋಗಿಗಳ ಸಾಲೇ ಇರುತ್ತದೆ. ಆದರೆ ಪ್ರಶ್ನೆಯೊಂದನ್ನು ಬದಲಿಸಲು ಒಂದೆರಡು ನಿಮಿಷ ಸಾಕು. ಹೇಳಿದ್ದನ್ನು ರೋಗಿಯ ಬಾಯಿಂದಲೇ ಮರಳಿ ಕೇಳುವ ಈ ಕ್ರಮ ಶುಶ್ರೂಷಾ ಶಿಕ್ಷಣದಲ್ಲಿ ಪರಿಚಿತವಾದದ್ದೇ. ಅದು ಪರೀಕ್ಷಿಸುವುದು ರೋಗಿಯನ್ನಲ್ಲ, ಹೇಳಿದವರನ್ನು.

“ಅವ್ವಾರ, ನಡುರಾತ್ರ್ಯಾಗ ಮೈ ಸುಟ್ಟರ ಏನ್ ಮಾಡ್ತೀರಿ? ನಾ ಸರಿಯಾಗಿ ಹೇಳೇನೋ ಇಲ್ಲೋ ನೋಡೂಣು.”

ವೃದ್ಧೆ ತುಸು ಯೋಚಿಸುತ್ತಾಳೆ. “ಮಗನ್ನ ಎಬ್ಬಿಸ್ತೀನ್ರಿ. ಮುಂಜಾನೀ ತನಕ ಕಾಯೂದಿಲ್ರಿ.”

ಮನೋಳಿಯ ಆ ರಾತ್ರಿಗೆ ಇದಕ್ಕಿಂತ ಒಳ್ಳೆಯ ಅಂಕ ಬೇರೆ ಯಾವುದು?